ಕಿತ್ತಳೆಯ ಬೀಜ ಎಣಿಸಿದರೆ ಜೇನಿನ ಲೆಕ್ಕ ಸಿಗುತ್ತದೆ

ಮನೆಗೆ ಎರಡು ಬಗೆಯ ಕಿತ್ತಳೆ ತನ್ನಿ. ಒಂದು ಕೊಡಗಿನದು. ಸಡಿಲ ಸಿಪ್ಪೆ, ಅರ್ಧ ಹಸಿರು ಅರ್ಧ ಹಳದಿ, ನೋಡೋಕೆ ಅಷ್ಟಕ್ಕಷ್ಟೇ. ಇನ್ನೊಂದು ಸೂಪರ್ ಮಾರ್ಕೆಟ್ಟಿನಲ್ಲಿ ಮೈಮೇಲೆ ಪುಟ್ಟ ಸ್ಟಿಕ್ಕರ್ ಅಂಟಿಸಿಕೊಂಡು ಮಿರಮಿರ ಮಿಂಚುವ ವಿದೇಶಿ ಮ್ಯಾಂಡರಿನ್. ಎರಡನ್ನೂ ಸುಲಿದು ತೊಳೆ ಬಿಡಿಸಿ ತಿನ್ನುತ್ತಾ ಬೀಜಗಳನ್ನು ತಟ್ಟೆಯ ಅಂಚಿಗೆ ಇಡುತ್ತಾ ಹೋಗಿ. ಕೊಡಗಿನದರ ಪಾಲಿಗೆ ಹತ್ತು, ಹದಿನೈದು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೀಜ ಬೀಳುತ್ತವೆ. ಸ್ಟಿಕ್ಕರ್ ಹಣ್ಣಿನ ಕಡೆ ತಟ್ಟೆ ಖಾಲಿಯೇ ಉಳಿಯಬಹುದು.

ಆ ಒಂದೊಂದು ಬೀಜವೂ ಒಂದೊಂದು ಪರಾಗದ ಕಣ ಹೂವಿನೊಳಗೆ ದಾರಿ ಹುಡುಕಿಕೊಂಡು ಹೋಗಿ ಮುಟ್ಟಿದ್ದಕ್ಕೆ ಗುರುತು. ಆ ಕಣವನ್ನು ಹೂವಿನ ತಲೆಗೆ ಒರೆಸಿದ್ದು ಹೆಚ್ಚಿನ ಪಾಲು ಯಾವುದೋ ಜೇನುನೊಣ. ಹಾಗಾದರೆ ಬೀಜವಿಲ್ಲದ ಹಣ್ಣಿನ ತೋಟಕ್ಕೆ ಜೇನು ಹೋಗಲೇ ಇಲ್ಲವಾ? ಹೋಗಿಯೂ ಬೀಜ ಆಗಲಿಲ್ಲವಾ? ಅಥವಾ ಹೋಗದ ಹಾಗೆ ಯಾರಾದರೂ ತಡೆದರಾ? ಮೂರೂ ಆಗುತ್ತದೆ. ಕಿತ್ತಳೆ, ನಿಂಬೆ, ಮೂಸಂಬಿ, ಚಕ್ಕೋತ ಎಲ್ಲ ಒಂದೇ ಕುಟುಂಬದ ಗಿಡಗಳಾದರೂ ಜೇನಿನ ವಿಷಯಕ್ಕೆ ಬಂದರೆ ಅಣ್ಣತಮ್ಮಂದಿರ ಸ್ವಭಾವ ಒಂದೊಂದು ತರಹ. ‘ಕಿತ್ತಳೆ ತೋಟಕ್ಕೆ ಜೇನು ಬೇಕಾ?’ ಎಂದು ಯಾರಾದರೂ ಕೇಳಿದರೆ ‘ಯಾವ ಕಿತ್ತಳೆ?’ ಎಂದು ತಿರುಗಿ ಕೇಳದೆ ಉತ್ತರ ಹೇಳೋಕಾಗಲ್ಲ.

ಮೊದಲು ಹೂವನ್ನೇ ಹತ್ತಿರದಿಂದ ನೋಡಬೇಕು. ನಿಂಬೆ ಗಿಡ ಅಂಗಳದಲ್ಲಿದ್ದರೆ ಸಾಕು. ಐದು ದಪ್ಪ ಬಿಳಿ ದಳ, ಮುಟ್ಟಿದರೆ ಮೇಣದ ಹಾಗೆ. ನಡುವೆ ಒಂದು ಹಸಿರು ಕಂಬ, ಅದರ ತುದಿಯಲ್ಲಿ ಗುಂಡಗಿನ ಹಳದಿ ತಲೆ. ಸುತ್ತಲೂ ಇಪ್ಪತ್ತಕ್ಕೂ ಹೆಚ್ಚು ಬಿಳಿ ಎಳೆಗಳು ಬೇಲಿ ಕಟ್ಟಿದಂತೆ ನಿಂತಿರುತ್ತವೆ, ಅವುಗಳ ತುದಿಯಲ್ಲಿ ಹಳದಿ ಪರಾಗದ ಚೀಲ. ಕಂಬದ ಬುಡದಲ್ಲಿ ಒಂದು ಪುಟ್ಟ ಹಸಿರು ಗುಂಡು. ಮುಂದೆ ಹಣ್ಣಾಗುವುದು ಅದೇ. ಆ ಗುಂಡಿನ ಅಡಿಯಲ್ಲಿ ಉಂಗುರದ ಹಾಗಿರುವ ಒಂದು ದಿಂಡು, ಮಕರಂದ ಜಿನುಗುವುದು ಅಲ್ಲಿಂದ.

ಈ ಅಂಗಡಿ ಹೇಗೆ ಕಟ್ಟಿದ್ದಾರೆ ನೋಡಿ. ಸಿಹಿ ಇರುವುದು ತಳದಲ್ಲಿ, ಬೇಲಿಯ ಒಳಗೆ. ಜೇನುನೊಣ ಬಂದು ದಳದ ಮೇಲೆ ಕೂತು ಎಳೆಗಳ ಸಂದಿಯಲ್ಲಿ ತಲೆ ತೂರಿಸಲೇಬೇಕು. ಹಾಗೆ ತೂರಿಸುವಾಗ ಎದೆಗೆ, ಹೊಟ್ಟೆಗೆ ಪರಾಗ ಮೆತ್ತಿಕೊಳ್ಳುತ್ತದೆ, ನಡುವಿನ ಕಂಬದ ಅಂಟು ತಲೆಗೆ ಮೈ ತಾಗುತ್ತದೆ. ಬಿಸಿಲೇರುವ ಹೊತ್ತಿನಲ್ಲಿ ಗಿಡದ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಕೆಲವು ನೊಣಗಳ ಹಿಂಗಾಲಿನಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಉಂಡೆ ಇರುತ್ತದೆ. ಅದು ಮನೆಗೆ ಒಯ್ಯುವ ಪರಾಗ, ಮರಿಗಳ ಊಟ. ಕಾಯಿ ಕಚ್ಚಿಸುವ ಕೆಲಸಕ್ಕೆ ಬರುವುದು ಆ ಉಂಡೆಯಲ್ಲ, ಮೈಮೇಲಿನ ರೋಮದಲ್ಲಿ ಉಳಿದುಹೋದ ಪುಡಿ. ನೊಣ ಬಾಚಿಕೊಳ್ಳಲು ಮರೆತದ್ದೇ ಗಿಡಕ್ಕೆ ಲಾಭ.

ಜೋಳ, ಭತ್ತದ ಹಾಗೆ ಗಾಳಿಯಲ್ಲಿ ತೂರಿ ಹೋಗುವ ಪರಾಗ ಇದಲ್ಲ. ಅಂಟು ಜಾಸ್ತಿ, ತೂಕವೂ ಜಾಸ್ತಿ. ಹಾಗಾಗಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಬೇಕಾದರೆ ಯಾರಾದರೂ ಹೊತ್ತುಕೊಂಡೇ ಹೋಗಬೇಕು.

ಪರಾಗದ ಕಣ ಆ ಅಂಟು ತಲೆಗೆ ಅಂಟಿದ ಮೇಲೆ ಮೊಳಕೆ ಒಡೆಯುತ್ತದೆ. ಕಾಳು ಮೊಳೆತ ಹಾಗೇ. ಒಂದು ಸಣ್ಣ ಕೊಳವೆ ಹೊರಟು, ಕಂಬದೊಳಗೆ ಇಳಿಯುತ್ತಾ ಇಳಿಯುತ್ತಾ, ಕೆಲವು ದಿನಗಳ ನಂತರ ಬುಡದ ಗುಂಡನ್ನು ಸೇರುತ್ತದೆ. ಆ ಗುಂಡನ್ನು ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ತೊಳೆಗಳು ಆಗಲೇ ಗೆರೆ ಕೊರೆದಂತೆ ಕಾಣುತ್ತವೆ. ಪ್ರತಿ ತೊಳೆಯಲ್ಲೂ ಬೀಜವಾಗಲು ಕಾದಿರುವ ಕೆಲವು ಅಂಡಗಳು. ಕೊಳವೆ ಮುಟ್ಟಿದ ಅಂಡ ಬೀಜವಾಗುತ್ತದೆ, ಮುಟ್ಟದ್ದು ಒಣಗಿ ಹೋಗುತ್ತದೆ. ತಟ್ಟೆಯಂಚಿನ ಲೆಕ್ಕ ಶುರುವಾಗುವುದು ಇಲ್ಲಿ.

ಬೀಜ ಆಗದಿದ್ದರೆ ರೈತನಿಗೇನು ನಷ್ಟ, ತಿನ್ನುವವರಿಗೆ ಆರಾಮವೇ ಅಲ್ವಾ? ನಷ್ಟ ಇರುವುದು ಕಾಯಿ ನಿಲ್ಲುವುದರಲ್ಲಿ. ಬೆಳೆಯುವ ಬೀಜ ಒಂದು ಬಗೆಯ ಹಾರ್ಮೋನು ತಯಾರಿಸುತ್ತದೆ. ಜಿಬ್ಬರೆಲಿನ್ ಎನ್ನುತ್ತಾರೆ. ‘ಇಲ್ಲಿ ಮಕ್ಕಳಿದ್ದಾರೆ, ಊಟ ಕಳಿಸು’ ಎಂದು ಮರಕ್ಕೆ ಹೇಳುವ ಸಂದೇಶ ಅದು. ಸಂದೇಶ ಬಂದ ಹೀಚಿಗೆ ಮರ ಸಕ್ಕರೆ ಕಳಿಸುತ್ತದೆ, ಬಾರದ ಹೀಚನ್ನು ತೊಟ್ಟಿನ ಹತ್ತಿರ ಕಳಚಿ ಹಾಕುತ್ತದೆ. ಚೆನ್ನಾಗಿ ಬೆಳೆದ ಒಂದು ಕಿತ್ತಳೆ ಮರ ಒಂದು ಹಂಗಾಮಿನಲ್ಲಿ ಹತ್ತಾರು ಸಾವಿರ ಹೂ ಬಿಡುತ್ತದೆ. ಕೊಯ್ಲಿನವರೆಗೆ ಉಳಿಯುವುದು ನೂರಕ್ಕೆ ಒಂದೋ ಎರಡೋ. ಮರದ ಬುಡದಲ್ಲಿ ಬಟಾಣಿ ಗಾತ್ರದ ಹೀಚು ರಾಶಿ ಉದುರಿರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದರಲ್ಲಿ ಹೆಚ್ಚಿನದು ಮರವೇ ಮಾಡುವ ಆಯ್ಕೆ. ಅಷ್ಟನ್ನೂ ಸಾಕೋಕೆ ಯಾವ ಮರಕ್ಕೂ ಆಗಲ್ಲ.

ಇನ್ನು ಅಣ್ಣತಮ್ಮಂದಿರ ಸ್ವಭಾವಕ್ಕೆ ಬರುತ್ತೇನೆ.

ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ, ಮೂಸಂಬಿ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಲಿಂಬೆ ಇವೆಲ್ಲ ತಮ್ಮ ಪರಾಗವನ್ನು ತಾವೇ ಒಪ್ಪುವಂಥವು. ಒಂದೇ ಮರವಿದ್ದರೂ ಕಾಯಿ ಬಿಡುತ್ತವೆ. ಇವಕ್ಕೆ ಜೇನು ಇಲ್ಲದಿದ್ದರೆ ತೋಟ ಬರಿದಾಗುವುದಿಲ್ಲ. ಆದರೆ ಎಳೆಯ ತುದಿಯಿಂದ ಕಂಬದ ತಲೆಗೆ ಪರಾಗ ತಾನಾಗಿ ಬೀಳುವುದು ಅಷ್ಟು ಸಲೀಸಲ್ಲ. ಜೇನು ಓಡಾಡಿದರೆ ಹೆಚ್ಚು ಹೂವಿಗೆ ಪರಾಗ ತಾಗುತ್ತದೆ, ಕಾಯಿ ಕಚ್ಚುವುದು ಜಾಸ್ತಿಯಾಗುತ್ತದೆ. ನಿಂಬೆಯಲ್ಲಿ ಇನ್ನೊಂದು ತಮಾಷೆ. ಅದರ ಹೂಗಳಲ್ಲಿ ಒಂದಷ್ಟು ಬರೀ ಗಂಡು ಹೂ. ಬಿಡಿಸಿ ನೋಡಿದರೆ ನಡುವಿನ ಕಂಬವೇ ಇರುವುದಿಲ್ಲ, ಅಥವಾ ಕುಂಟು ಮೊಳೆಯ ಹಾಗೆ ಇರುತ್ತದೆ. ಅದರಲ್ಲಿ ಎಷ್ಟು ಜೇನು ಬಂದು ಕೂತರೂ ಕಾಯಿ ಆಗದು. ‘ಹೂ ತುಂಬಾ ಬಂತು, ಕಾಯಿ ಮಾತ್ರ ಬರಲಿಲ್ಲ’ ಎಂದು ಬೇಜಾರಾಗುವ ಮೊದಲು ನಾಲ್ಕು ಹೂ ಬಿಡಿಸಿ ನೋಡುವುದು ಒಳ್ಳೆಯದು.

ಚಕ್ಕೋತದ ಕಥೆಯೇ ಬೇರೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್ ಇರುವುದು ನಿಮಗೆ ಗೊತ್ತಿರಬಹುದು. ಚಕ್ಕೋತದ ಮರ ಸಾಮಾನ್ಯವಾಗಿ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಕಣ ಮೊಳಕೆಯೊಡೆದು ಕೊಳವೆ ಇಳಿಯಲು ಶುರುಮಾಡಿದರೆ ಕಂಬದೊಳಗೆ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಎಸ್-ಆರ್‌ಎನ್‌ಏಸ್ ಎಂಬ ಪ್ರೋಟೀನು. ಬಂದದ್ದು ತನ್ನದೇ ಗುರುತಿನ ಪರಾಗವಾದರೆ ಅದು ಕೊಳವೆ ಬೆಳೆಯಲು ಬೇಕಾದ ಆರ್‌ಎನ್‌ಎ ಎಂಬ ಅಣುಗಳನ್ನು ಕತ್ತರಿಸಿ ಹಾಕುತ್ತದೆ, ಬೆಳವಣಿಗೆ ನಡುದಾರಿಯಲ್ಲೇ ನಿಲ್ಲುತ್ತದೆ. ಹೊರಗಿನ ಪರಾಗವಾದರೆ ಒಳಗೆ ಬಿಡುತ್ತದೆ. ಒಂದೇ ಗೋತ್ರದಲ್ಲಿ ಮದುವೆ ಬೇಡ ಎನ್ನುವ ಹಿರಿಯರ ಹಾಗೆ. 2020ರಲ್ಲಿ ಚೀನಾದ ವಿಜ್ಞಾನಿಗಳು ಇದರ ಬೆನ್ನು ಹತ್ತಿದಾಗ ಒಂದು ಚಂದದ ಸಂಗತಿ ಹೊರಬಿತ್ತು. ಹಿಂದೆ ಯಾವಾಗಲೋ ಕಿತ್ತಳೆಯ ಪೂರ್ವಜರಲ್ಲಿ ಈ ಕಾವಲುಗಾರನ ಒಂದು ರೂಪ ಕೆಟ್ಟುಹೋಗಿ, ತನ್ನವರು ಪರರು ಎನ್ನುವ ಭೇದ ತಪ್ಪಿತು. ಆ ಕೆಟ್ಟ ಜೀನನ್ನೇ ಪಡೆದುಕೊಂಡು ಬಂದ ತಳಿಗಳು ಇವತ್ತು ಒಂಟಿಯಾಗಿಯೂ ಕಾಯಿ ಬಿಡುತ್ತವೆ. ಚಕ್ಕೋತದಲ್ಲಿ ಕಾವಲುಗಾರ ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

ಇದರಿಂದ ತೋಟದಲ್ಲಿ ಆಗುವ ಪರಿಣಾಮ ಯೋಚಿಸಿ. ಚಕ್ಕೋತದ ಒಂದು ಬೀಜಕ್ಕೆ ಒಂದೇ ಸಸಿ, ಅದೂ ಅಪ್ಪ ಅಮ್ಮ ಇಬ್ಬರ ಗುಣ ಬೆರೆತದ್ದು. ಹಾಗಾಗಿ ಬೀಜದಿಂದ ಬೆಳೆಸಿದ ಹಳೆಯ ಮರಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಜೇನು ಒಂದರಿಂದ ಇನ್ನೊಂದಕ್ಕೆ ಹಾರಿದರೆ ಸಾಕು, ಕಾವಲುಗಾರ ಬಾಗಿಲು ತೆಗೆಯುತ್ತಾನೆ. ಈಗ ಯಾರೋ ಒಬ್ಬರು ‘ಈ ಮರದ ಹಣ್ಣು ಬಹಳ ಸಿಹಿ’ ಎಂದು ಆ ಒಂದೇ ತಾಯಿಮರದಿಂದ ನೂರು ಕಸಿ ಗಿಡ ಮಾಡಿ ನೆಟ್ಟರು ಅನ್ನಿ. ನಮ್ಮ ಕಣ್ಣಿಗೆ ನೂರು ಮರ. ಪರಾಗದ ಲೆಕ್ಕದಲ್ಲಿ ಅದು ಒಂದೇ ಮರ. ಜೇನು ದಿನವಿಡೀ ಹಾರಾಡಿದರೂ ಎಲ್ಲ ಕಣವೂ ‘ತನ್ನದೇ’. ಅಂಥ ಕಡೆ ನಡುನಡುವೆ ಬೇರೆ ತಾಯಿಯ ಚಕ್ಕೋತವನ್ನೋ ಒಂದೆರಡು ಕಿತ್ತಳೆ, ನಿಂಬೆಯನ್ನೋ ಹಾಕಬೇಕಾಗುತ್ತದೆ. ಒಂಟಿ ಚಕ್ಕೋತ ಹೂ ಬಿಟ್ಟು ಕಾಯಿ ಬಿಡದಿದ್ದಾಗ ಗೊಬ್ಬರ ಹಾಕಿ ಹಾಕಿ ಸುಸ್ತಾಗುವ ಬದಲು ಈ ಅನುಮಾನವನ್ನೂ ಒಮ್ಮೆ ಪಡಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಆರ್ಲಾಂಡೊ, ಮಿನಿಯೋಲಾ ಎಂಬ ಕಿತ್ತಳೆ ಜಾತಿಯ ಮಿಶ್ರತಳಿಗಳಿಗೂ ಇದೇ ತೊಂದರೆ. ಅಲ್ಲಿಯವರು ಬೇರೆ ತಳಿಯ ಮರಗಳನ್ನು ಸಾಲು ಬಿಟ್ಟು ಸಾಲು ನೆಟ್ಟು, ಹೂವಿನ ಕಾಲಕ್ಕೆ ಜೇನುಪೆಟ್ಟಿಗೆ ತರಿಸಿಡುವುದನ್ನು ಕಲಿತರು.

ಕೊಡಗಿನ ಕಿತ್ತಳೆಯ ಬೀಜದಲ್ಲಿ ಇದಕ್ಕೆ ತದ್ವಿರುದ್ಧದ ಆಟ. ಒಂದು ಬೀಜ ಹಾಕಿದರೆ ಎರಡು ಮೂರು ಸಸಿ ಏಳುತ್ತವೆ. ಕಿತ್ತಳೆ ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ಚರ ಲೇವನ್‌ಹುಕ್ 1719ರಷ್ಟು ಹಿಂದೆಯೇ ಗಮನಿಸಿದ್ದ. ಆ ಸಸಿಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಅಪ್ಪನ ಗುಣ ಒಂದು ಚೂರೂ ಇಲ್ಲ. ಹಾಗಂತ ಪರಾಗವೇ ಬೇಡ ಎಂದಲ್ಲ. ಬೀಜದೊಳಗಿನ ಬುತ್ತಿ ತಯಾರಾಗಲು ಪರಾಗ ಬರಲೇಬೇಕು. ಜೇನು ಹೊತ್ತು ತಂದ ಪರಾಗ ಬುತ್ತಿ ಕಟ್ಟಿ ಕೊಡುತ್ತದೆ, ಊಟ ಮಾಡಿ ಬೆಳೆಯುವವರು ಬಹುಪಾಲು ತಾಯಿಯ ನಕಲುಗಳು.

ಇನ್ನೊಂದು ತುದಿಯಲ್ಲಿ ನೇವಲ್ ಕಿತ್ತಳೆ ಇದೆ, ಹೊಕ್ಕುಳಿನ ಹಾಗೆ ಗುಳಿ ಇರುತ್ತದಲ್ಲ, ಅದು. ಅದರ ಪರಾಗದ ಚೀಲದಲ್ಲಿ ಪರಾಗವೇ ಇಲ್ಲ. ಜೇನು ಬಂದರೂ ಬಾರದಿದ್ದರೂ ಹಣ್ಣು ಕಟ್ಟುತ್ತದೆ. ಬೀಜ ಕಳಿಸಬೇಕಾದ ಹಾರ್ಮೋನನ್ನು ಆ ಹಸಿರು ಗುಂಡು ತಾನೇ ಸಾಕಷ್ಟು ತಯಾರಿಸಿಕೊಳ್ಳುತ್ತದೆ. ಬ್ರೆಜಿಲಿನ ಬಹಿಯಾ ಪ್ರಾಂತ್ಯದಿಂದ ಹೊರಟ ಈ ತಳಿಯ ಎರಡು ಗಿಡಗಳು 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನ ಎಲೈಜಾ ಟಿಬೆಟ್ಸ್ ಎಂಬ ಹೆಂಗಸಿನ ಕೈ ಸೇರಿದವು. ಆ ಎರಡರಲ್ಲಿ ಒಂದು ಮರ ಇನ್ನೂ ಬದುಕಿದೆ. ಬೀಜವೇ ಇಲ್ಲದ ಮರವಾದ್ದರಿಂದ ಕ್ಯಾಲಿಫೋರ್ನಿಯಾದ ನೇವಲ್ ತೋಟಗಳೆಲ್ಲ ಕಸಿಯ ಮೇಲೆ ಕಸಿ ಕಟ್ಟಿ ಹಬ್ಬಿದವು.

ಈ ಎರಡು ತುದಿಗಳ ನಡುವೆ ಒಂದು ಗುಂಪು ಇದೆ. ಜಗಳ ಹುಟ್ಟುವುದು ಅಲ್ಲೇ. ಕ್ಲೆಮಂಟೈನ್, ಡಬ್ಲ್ಯೂ ಮರ್ಕಾಟ್ ಎಂಬ ಮ್ಯಾಂಡರಿನ್‌ಗಳು ತಮ್ಮ ಪರಾಗದಿಂದ ಬೀಜ ಕಟ್ಟುವುದಿಲ್ಲ. ಆದರೂ ಬೀಜವಿಲ್ಲದೆಯೇ ಹಣ್ಣು ನಿಲ್ಲಿಸಿಕೊಳ್ಳುವ ಶಕ್ತಿ ಒಂದಿಷ್ಟು ಇದೆ. ಸುತ್ತ ಬೇರೆ ತಳಿ ಇಲ್ಲದಿದ್ದರೆ ಹಣ್ಣಿನಲ್ಲಿ ಬೀಜ ಸೊನ್ನೆ. ಎಲ್ಲಿಂದಲೋ ಒಂದು ಜೇನು ಪಕ್ಕದ ತೋಟದ ಪರಾಗ ಮೆತ್ತಿಕೊಂಡು ಬಂದು ಕೂತರೆ ಅದೇ ಹಣ್ಣಿನಲ್ಲಿ ಬೀಜ ತುಂಬುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ‘ಬೀಜವಿಲ್ಲದ್ದು’ ಎಂದು ಮಾರುವ ಹಣ್ಣಿನಲ್ಲಿ ಬೀಜ ಬಂದರೆ ಬೆಲೆ ನೆಲ ಕಚ್ಚುತ್ತದೆ.

ಕ್ಯಾಲಿಫೋರ್ನಿಯಾದ ನಡುಗಣಿವೆಯಲ್ಲಿ ಆಗಿದ್ದು ಇದೇ. ಅಲ್ಲಿ ಜೇನು ಕೃಷಿಕರ ವರ್ಷಕ್ಕೊಂದು ಕಟ್ಟುನಿಟ್ಟಾದ ಪಂಚಾಂಗವಿದೆ. ಫೆಬ್ರವರಿಯಲ್ಲಿ ಬಾದಾಮಿ ಹೂ. ಅಮೆರಿಕದ ಅರ್ಧಕ್ಕೂ ಹೆಚ್ಚು ಜೇನುಪೆಟ್ಟಿಗೆಗಳು ಆ ಹೊತ್ತಿಗೆ ಲಾರಿಗಳಲ್ಲಿ ಅಲ್ಲಿಗೆ ಬಂದಿಳಿಯುತ್ತವೆ. ಬಾದಾಮಿ ತೋಟದವರು ಪೆಟ್ಟಿಗೆಗೆ ಬಾಡಿಗೆ ಕೊಡುತ್ತಾರೆ, ಜೇನುತುಪ್ಪ ಅಷ್ಟಾಗಿ ಸಿಗುವುದಿಲ್ಲ. ಅದು ಮುಗಿಯುವ ಹೊತ್ತಿಗೆ ಕಿತ್ತಳೆ ಹೂ. ಇಲ್ಲಿ ಬಾಡಿಗೆ ಇಲ್ಲ, ತುಪ್ಪವೇ ಸಂಪಾದನೆ. ದಣಿದ ನೊಣಗಳಿಗೂ ಕಿತ್ತಳೆ ತೋಪು ತವರುಮನೆ ಇದ್ದ ಹಾಗೆ. ನೇವಲ್ ತೋಟದವರಿಗೆ ಜೇನಿನಿಂದ ಲಾಭವೂ ಇರಲಿಲ್ಲ ನಷ್ಟವೂ ಇರಲಿಲ್ಲ, ಹಾಗಾಗಿ ತಕರಾರೂ ಇರಲಿಲ್ಲ. ಎಷ್ಟೋ ದಶಕ ಹೀಗೇ ನಡೆಯಿತು.

ಆಮೇಲೆ ಅದೇ ಕಣಿವೆಯಲ್ಲಿ ಸಾವಿರಾರು ಎಕರೆ ಬೀಜರಹಿತ ಮ್ಯಾಂಡರಿನ್ ಬಂತು. ಮಕ್ಕಳ ಡಬ್ಬಿಗೆ ಹಾಕುವ ಹಣ್ಣು, ಬೀಜ ಇರಲೇಬಾರದು. 2006ರ ಹೊತ್ತಿಗೆ ಜೇನು ಕೃಷಿಕರಿಗೆ ಪತ್ರಗಳು ಹೋದವು: ನಮ್ಮ ತೋಟದಿಂದ ಎರಡು ಮೈಲಿ ದೂರ ಪೆಟ್ಟಿಗೆ ಇಡಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಭೇಟಿಯಾಗೋಣ. ಜೇನು ಕೃಷಿಕರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಐವತ್ತು ವರ್ಷದಿಂದ ಇಲ್ಲಿ ಪೆಟ್ಟಿಗೆ ಇಡುತ್ತಿರುವವರು ನಾವು, ನಿನ್ನೆ ನೆಟ್ಟ ಗಿಡಕ್ಕಾಗಿ ನಾವೇಕೆ ಎದ್ದು ಹೋಗಬೇಕು? ನೊಣಕ್ಕೆ ಬೇಲಿ ಹಾಕೋಕಾಗುತ್ತಾ? ವಿಷಯ ಶಾಸನಸಭೆಯವರೆಗೆ ಹೋಯಿತು. 2007ರಲ್ಲಿ ಇಬ್ಬರೂ ಒಟ್ಟಿಗೆ ಬಾಳುವ ದಾರಿ ಹುಡುಕಬೇಕೆಂದು ಕಾನೂನೇ ಬಂತು. ಸ್ಪೇನಿನ ವಲೆನ್ಸಿಯಾದಲ್ಲಿ ಜಗಳ ಇನ್ನೂ ಹಳೆಯದು. ಹಣ್ಣಿನಲ್ಲಿ ಹೀಗೆ ಬೇಡದ ಬೀಜ ಬರುವುದಕ್ಕೆ ಅಲ್ಲಿನ ಭಾಷೆಯಲ್ಲಿ ‘ಪಿನ್ಯೊಲಾ’ ಎಂದೇ ಒಂದು ಪದವಿದೆ. ಹೂವಿನ ಕಾಲದಲ್ಲಿ ಕಿತ್ತಳೆ ತೋಟಗಳಿಂದ 5 ಕಿಲೋಮೀಟರ್ ಒಳಗೆ ಜೇನುಪೆಟ್ಟಿಗೆ ಇಡಬಾರದೆಂದು ಅಲ್ಲಿನ ಸರ್ಕಾರ ಆದೇಶ ಹೊರಡಿಸುತ್ತಾ ಬಂತು.

ಅಷ್ಟು ದೂರ ಯಾಕೆ? ಜೇನು ಸಾಮಾನ್ಯವಾಗಿ ಒಂದೆರಡು ಕಿಲೋಮೀಟರಿನೊಳಗೆ ಮೇಯುತ್ತದೆ, ಬೇಕೆನಿಸಿದರೆ ಐದು ಕಿಲೋಮೀಟರೂ ಹೋಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಒಂದು ನೊಣ ಒಂದು ಓಟದಲ್ಲಿ ಸಾಮಾನ್ಯವಾಗಿ ಒಂದೇ ಜಾಗದ ಒಂದೇ ಬಗೆಯ ಹೂವಿನಲ್ಲಿ ಮೇಯುತ್ತದೆ. ಹಾಗಾದರೆ ಪಕ್ಕದ ತೋಟದ ಪರಾಗ ಇಲ್ಲಿಗೆ ಬರಲೇಬಾರದು. ಆದರೆ ಗೂಡಿನೊಳಗಿನ ನೂಕುನುಗ್ಗಲು ನೆನೆಸಿಕೊಳ್ಳಿ. ಮೈಗೆ ಮೈ ಉಜ್ಜಿಕೊಂಡೇ ಓಡಾಟ. ಆ ತೋಟಕ್ಕೆ ಹೋಗಿ ಬಂದವಳ ಮೈಯ ಪುಡಿ ಈ ತೋಟಕ್ಕೆ ಹೊರಟವಳಿಗೆ ಅಂಟುತ್ತದೆ. ಸಂಜೆ ಮಾರ್ಕೆಟ್ ಬಸ್ಸಿನಲ್ಲಿ ನಿಂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಗಳ ಪೂರ್ತಿ ಬಗೆಹರಿಯಿತು ಎನ್ನುವಂತಿಲ್ಲ. ಆದರೆ ಮೂರು ದಾರಿ ಹುಟ್ಟಿಕೊಂಡವು. ಒಂದು, ಹೂವಿನ ಕಾಲದಲ್ಲಿ ಮರಗಳ ಸಾಲಿಗೆ ಬಿಳಿ ಬಲೆ ಹೊದಿಸುವುದು. ಕಣಿವೆಯಲ್ಲಿ ಹಿಮ ಬಿದ್ದ ಹಾಗೆ ಕಾಣುವ ಆ ತೋಟಗಳಿಗೆ ಖರ್ಚು ಸಿಕ್ಕಾಪಟ್ಟೆ. ಇನ್ನೊಂದು, ಬೀಜ ಕೊಡಬೇಕಾದ ಹಾರ್ಮೋನನ್ನು ಮನುಷ್ಯರೇ ಕೊಡುವುದು. ಸ್ಪೇನಿನಲ್ಲಿ ಕ್ಲೆಮಂಟೈನ್ ಹೂವಿಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸುತ್ತಾರೆ. ಪರಾಗ ಬಂತು ಎಂದುಕೊಂಡು ಮರ ಮೋಸಹೋಗಿ ಹೀಚು ಉಳಿಸಿಕೊಳ್ಳುತ್ತದೆ. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ರಿವರ್‌ಸೈಡಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಡಬ್ಲ್ಯೂ ಮರ್ಕಾಟ್‌ನ ಕಸಿ ಕಣ್ಣುಗಳಿಗೆ, ಅಂದರೆ ಕೊಂಬೆಯಲ್ಲಿ ಚಿಗುರುವ ಮೊಗ್ಗುಗಳಿಗೆ, ವಿಕಿರಣ ಹಾಯಿಸಿ, ಹೊಸ ರೂಪಗಳನ್ನು ಬೆಳೆಸಿ, ಆರಿಸಿ, 2006ರಲ್ಲಿ ‘ಟ್ಯಾಂಗೊ’ ಎಂಬ ತಳಿ ಬಿಡುಗಡೆ ಮಾಡಿದರು. ಪಕ್ಕದಲ್ಲಿ ಬೇರೆ ತಳಿ ಇದ್ದು, ಜೇನು ದಿನವಿಡೀ ಓಡಾಡಿದರೂ ಅದರಲ್ಲಿ ಬೀಜ ಕಾಣುವುದು ಅಪರೂಪ. ಅದರ ಪರಾಗಕ್ಕೂ ಜೀವ ಕಮ್ಮಿ, ಹಾಗಾಗಿ ಪಕ್ಕದ ತೋಟಕ್ಕೂ ಕಾಟವಿಲ್ಲ. ಜೇನಿಗೆ ಹೂ ಸಿಕ್ಕಿತು, ರೈತನಿಗೆ ಬೀಜವಿಲ್ಲದ ಹಣ್ಣು ಸಿಕ್ಕಿತು. ಕೋರ್ಟು ಮಾಡದ ರಾಜಿಯನ್ನು ನರ್ಸರಿ ಮಾಡಿತು.

ನಮ್ಮ ಕಡೆ ಇಂಥ ಜಗಳ ಇಲ್ಲ. ಕೊಡಗಿನ ಕಿತ್ತಳೆಯಲ್ಲಿ ಬೀಜ ಇದೆ ಎಂದು ಯಾರೂ ಅಂಗಡಿಯವನ ಜತೆ ಜಗಳ ಆಡಲ್ಲ. ನಮ್ಮ ತೊಂದರೆಗಳೇ ಬೇರೆ.

ಕೊಡಗಿನಲ್ಲಿ ಕಿತ್ತಳೆ ಬೆಳೆದು ಬಂದದ್ದು ಕಾಫಿ ತೋಟದ ಒಳಗೆ, ಮಿಶ್ರಬೆಳೆಯಾಗಿ. ಬೇಸಿಗೆಯ ಮೊದಲ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡ ಒಮ್ಮೆಲೇ ಬಿಳಿಯಾಗುತ್ತದೆ. ಎರಡು ಮೂರು ದಿನದ ಹಬ್ಬ ಅದು. ಎಲ್ಲಿದ್ದವೋ ಎನ್ನುವ ಹಾಗೆ ಹೆಜ್ಜೇನು ಬಂದು ದೊಡ್ಡ ಮರಗಳಿಗೆ ಜೋತುಬೀಳುತ್ತದೆ. ತುಡುವೆ ಪೆಟ್ಟಿಗೆಯಿಂದ, ಪೊಟರೆಯಿಂದ ಹೊರಡುತ್ತದೆ. ಕೋಲುಜೇನು, ಮುಜಂಟಿಯೂ ಬರುತ್ತವೆ. ಕಾಫಿಯ ಹಬ್ಬ ಮುಗಿದ ಮೇಲೂ ಇವಕ್ಕೆ ಮೇವು ಬೇಕು. ಕಿತ್ತಳೆ ಹೂ ಹಾಗೆ ಒಂದೇ ದಿನ ಅರಳಿ ಮುಗಿಯುವುದಲ್ಲ, ನಿಧಾನಕ್ಕೆ ಅರಳುತ್ತಾ ಹೋಗುತ್ತದೆ.

ಈ ಎರಡು ಹೂಗಳಿಗೆ ಒಂದು ಗುಟ್ಟಿನ ನೆಂಟಸ್ತಿಕೆ ಇದೆ. 2013ರಲ್ಲಿ ಬ್ರಿಟನ್ನಿನ ಜೆರಾಲ್ಡಿನ್ ರೈಟ್ ಮತ್ತು ಜತೆಗಾರರು ಕಾಫಿ ಹೂವಿನ ಮಕರಂದ ಮಾತ್ರವಲ್ಲ, ಕಿತ್ತಳೆ ಜಾತಿಯ ಹೂವಿನ ಮಕರಂದದಲ್ಲೂ ಕೆಫೀನ್ ಇದೆ ಎಂದು ತೋರಿಸಿದರು. ಕಹಿ ಎನಿಸದಷ್ಟು ಸ್ವಲ್ಪ. ಆ ಪ್ರಮಾಣದ ಕೆಫೀನ್ ಬೆರೆಸಿದ ಸಕ್ಕರೆ ನೀರು ಕುಡಿದ ಜೇನುನೊಣಗಳಲ್ಲಿ ಮಾರನೆಯ ದಿನವೂ ಆ ಹೂವಿನ ವಾಸನೆ ನೆನಪಿಟ್ಟುಕೊಂಡವುಗಳ ಸಂಖ್ಯೆ ಬರೀ ಸಕ್ಕರೆ ಕುಡಿದವಕ್ಕಿಂತ ಮೂರು ಪಟ್ಟು. ಬೆಳಿಗ್ಗೆ ಎದ್ದ ಕೂಡಲೇ ಕಾಲು ತಾನಾಗಿ ದರ್ಶಿನಿಯ ಕಡೆ ಹೋಗುತ್ತದಲ್ಲ, ಅದೇ ತಂತ್ರ. ಗಿರಾಕಿ ಮತ್ತೆ ಮತ್ತೆ ಬರಬೇಕು, ಅಷ್ಟೇ. ಕೊಡಗಿನ ಜೇನಂತೂ ಕಾಫಿ ತೋಟದಲ್ಲಿ ಕಿತ್ತಳೆಯಿಂದಲೂ ಕಾಫಿ ಕುಡಿಯುತ್ತದೆ!

ಬರಬೇಕಾದ ಗಿರಾಕಿಯೇ ಒಮ್ಮೆ ಇಲ್ಲವಾದದ್ದೂ ಉಂಟು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಮೇಲೆ ಎರಗಿತು. ಪೆಟ್ಟಿಗೆ ತೆರೆದರೆ ಎರಿಯ ಕೋಣೆಗಳಲ್ಲಿ ಮರಿಹುಳುಗಳು ನೆಟ್ಟಗೆ ಚಾಚಿಕೊಂಡು ಸತ್ತಿರುತ್ತಿದ್ದವು. ಚಿಮಟದಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದ ಹಾಗೆ ತೂಗಾಡುತ್ತಿದ್ದವು. ಕರ್ನಾಟಕ, ಕೇರಳಗಳಲ್ಲಿ ಪೆಟ್ಟಿಗೆಯ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಹಳೆಯ ಜೇನು ಕೃಷಿಕರು ಇವತ್ತಿಗೂ ಕಾಲವನ್ನು ‘ರೋಗಕ್ಕೆ ಮೊದಲು, ರೋಗದ ಮೇಲೆ’ ಎಂದು ಎರಡು ಭಾಗ ಮಾಡಿ ಮಾತಾಡುತ್ತಾರೆ. ಉಳಿದ ಕುಟುಂಬಗಳಿಂದ ಮತ್ತೆ ಸಂತತಿ ಬೆಳೆಯಿತು, ಆದರೆ ರೋಗ ಪೂರ್ತಿ ಹೋಗಿಲ್ಲ.

ಇನ್ನೊಂದು ತೊಂದರೆ ಮರದ ಕಡೆಯಿಂದ. ಗ್ರೀನಿಂಗ್ ಎಂಬ ರೋಗ ಕೊಡಗಿನ ಕಿತ್ತಳೆಯನ್ನು ಬಹಳ ಕಾಡಿದೆ. ಎಲೆ ತೇಪೆ ತೇಪೆಯಾಗಿ ಹಳದಿಯಾಗುತ್ತದೆ, ಹಣ್ಣು ಸೊಟ್ಟಗೆ, ಹಸಿರಾಗಿಯೇ ಉಳಿಯುತ್ತದೆ, ಕೊನೆಗೆ ಮರವೇ ಹೋಗುತ್ತದೆ. ಇದನ್ನು ಮರದಿಂದ ಮರಕ್ಕೆ ಹರಡುವುದು ಸಿಲ್ಲಿಡ್ ಎಂಬ ಎಳ್ಳಿನಷ್ಟು ಗಾತ್ರದ ಕೀಟ. ಅದು ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ. ಕಿತ್ತಳೆ ಮರದ ಚಿಗುರು ಮತ್ತು ಹೂ ಬರುವುದು ಒಟ್ಟಿಗೇ. ಕೀಟನಾಶಕ ಹೊಡೆಯಲೇಬೇಕು ಎನಿಸುವ ಹೊತ್ತೇ ಜೇನು ತೋಟದಲ್ಲಿ ತುಂಬಿರುವ ಹೊತ್ತು. ಗ್ರೀನಿಂಗ್ 2005ರಲ್ಲಿ ಫ್ಲಾರಿಡಾ ತಲುಪಿತು. 2003–04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022–23ರಲ್ಲಿ ಚಂಡಮಾರುತದ ಹೊಡೆತವೂ ಸೇರಿ ಅದು 1.6 ಕೋಟಿಗೆ ಇಳಿಯಿತು. ಅದರ ಜತೆಗೆ ಫ್ಲಾರಿಡಾದ ಹೆಸರಾಂತ ಕಿತ್ತಳೆ ಹೂವಿನ ತುಪ್ಪವೂ ಅಪರೂಪವಾಯಿತು.

ಹಾಗಾದರೆ ತೋಟದವರು ಏನು ಮಾಡಬಹುದು? ಮೊಗ್ಗು ಒಡೆಯುವ ಮೊದಲೇ ಕೀಟ ನೋಡಿಕೊಂಡು ಔಷಧಿ ಕೆಲಸ ಮುಗಿಸುವುದು ಒಳ್ಳೆಯದು. ಹೂ ಅರಳಿರುವಾಗ ಹೊಡೆಯಬಾರದು. ಹೊಡೆಯಲೇಬೇಕಾದ ಸಂದರ್ಭ ಬಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ. ಪಕ್ಕದಲ್ಲಿ ಯಾರಾದರೂ ಪೆಟ್ಟಿಗೆ ಇಟ್ಟಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಿ. ಬುಡಕ್ಕೆ ಹಾಕುವ, ರಸದಲ್ಲಿ ಹರಿಯುವ ಔಷಧಿ ‘ಮೇಲೆ ಬೀಳಲ್ಲ, ಜೇನಿಗೆ ಏನೂ ಆಗಲ್ಲ’ ಎಂದುಕೊಳ್ಳುವವರು ಬಹಳ ಜನ. ಇಮಿಡಾಕ್ಲೋಪ್ರಿಡ್‌ನಂಥವು ಬೇರಿನಿಂದ ಹೂವಿನವರೆಗೂ ಏರಿ ಮಕರಂದದಲ್ಲಿ ಸೇರುತ್ತವೆ. ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲಿನ ಬೆಳೆಗಳಿಗೆ ಬಳಸುವುದನ್ನು ಐರೋಪ್ಯ ಒಕ್ಕೂಟ 2018ರಲ್ಲಿ ನಿಲ್ಲಿಸಿದ್ದು ಈ ಕಾರಣಕ್ಕೇ.

ಪೆಟ್ಟಿಗೆ ಕೊಂಡು ತರುವ ಮೊದಲು ನಿಮ್ಮ ಮರಕ್ಕೆ ಜೇನು ನಿಜವಾಗಿ ಎಷ್ಟು ಬೇಕು ಎಂದು ನೀವೇ ಪರೀಕ್ಷೆ ಮಾಡಬಹುದು. ಖರ್ಚು ಒಂದು ಹಳೆಯ ಸೊಳ್ಳೆ ಪರದೆ. ಒಂದೇ ಮರದಲ್ಲಿ, ಒಂದೇ ದಿಕ್ಕಿಗೆ ಇರುವ ಎರಡು ಕೊಂಬೆ ಆರಿಸಿ. ಎರಡರಲ್ಲೂ ಅರಳದ ಮೊಗ್ಗುಗಳನ್ನು ಮಾತ್ರ ಎಣಿಸಿ, ಬರೆದಿಡಿ. ಅರಳಿರುವ ಹೂವನ್ನು ಚಿವುಟಿ ತೆಗೆಯಿರಿ. ಒಂದಕ್ಕೆ ಪರದೆಯ ಚೀಲ ಕಟ್ಟಿ. ಬಟ್ಟೆ ಹೂವಿಗೆ ತಾಗದ ಹಾಗೆ ಒಳಗೆ ತಂತಿಯ ಬಳೆ ಇಡಿ, ಬುಡದಲ್ಲಿ ಇರುವೆ ನುಗ್ಗದಂತೆ ಹತ್ತಿ ಸುತ್ತಿ ದಾರ ಬಿಗಿಯಿರಿ. ಇನ್ನೊಂದಕ್ಕೆ ಬರೀ ಒಂದು ಕೆಂಪು ದಾರ. ಮನಸ್ಸಿದ್ದರೆ ಮೂರನೆಯ ಕೊಂಬೆಗೂ ಚೀಲ ಕಟ್ಟಿ, ಹೂ ಅರಳಿದಾಗ ಬಿಚ್ಚಿ, ಬೇರೆ ಮರದ ಪರಾಗವನ್ನು ಮೆತ್ತನೆಯ ಬ್ರಷ್ಷಿನಿಂದ ಸವರಿ ಮತ್ತೆ ಕಟ್ಟಿ. ಚಕ್ಕೋತದವರಿಗೆ ಈ ಮೂರನೆಯದೇ ಮುಖ್ಯ.

ದಳ ಉದುರಿದ ಮೇಲೆ ಚೀಲಗಳನ್ನು ತೆಗೆಯಿರಿ. ತಿಂಗಳು ಬಿಟ್ಟು ಹೀಚು ಎಣಿಸಿ, ಉದುರುವುದೆಲ್ಲ ಉದುರಿದ ಮೇಲೆ ಇನ್ನೊಮ್ಮೆ ಎಣಿಸಿ. ಹಣ್ಣಾದಾಗ ಬೇರೆ ಬೇರೆ ಬುಟ್ಟಿಗೆ ಕೊಯ್ದು, ಒಂದೊಂದನ್ನೂ ತೂಗಿ. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿ ಸುಲಿಯೋಕೆ ಹೇಳಿ. ಬೀಜ ಮಾತ್ರ ಉಗಿದು ಬಿಸಾಡಬೇಡಿ, ತಟ್ಟೆಯ ಅಂಚಿಗೇ ಇಡಿ.